ತಾರಸ್ಥಾಯಿ ಚುಕ್ಕಿಯ ಗೋಳು

ಕರ್ನಾಟಕ ಸಂಗೀತ ಬರೆಯುವಾಗ ಸ್ವರದ ಮೇಲೆ ಚುಕ್ಕಿ ಇಟ್ಟರೆ ತಾರಸ್ಥಾಯಿ, ಅಂದರೆ ಮೇಲಿನ ಸ್ಥಾಯಿ; ಕೆಳಗಿಟ್ಟರೆ ಮಂದ್ರ, ಅಂದರೆ ಕೆಳಗಿನ ಸ್ಥಾಯಿ. ಇಷ್ಟು ಸಣ್ಣ ಕೆಲಸಕ್ಕೆ ಸ್ವರ ಬರೆಯುವ ಈ ನೊಟೇಶನ್ ಸಾಫ್ಟ್‌ವೇರ್ ಎಷ್ಟು ಸತಾಯಿಸುತ್ತದೆ! ‘ಸ’ ಮೇಲೆ ಚುಕ್ಕಿ ಸರಿಯಾಗಿ ಕೂರುತ್ತದೆ. ‘ರಿ’ಗೆ ಬಂದರೆ ಗುಡಿಸಿನೊಳಗೆ ನುಗ್ಗಿ ಕಾಣದಂತಾಗುತ್ತದೆ. ಒಂದೊಂದನ್ನೂ ಎತ್ತಿ ಕೂರಿಸಬೇಕು. ಆಮೇಲೆ ಫಾಂಟ್ ಸೈಜ್ ಚೂರು ಬದಲಿಸಿದರೂ ಸಾಕು, ಎಲ್ಲ ಮತ್ತೆ ಹಳೇ ಜಾಗಕ್ಕೆ.

ತಾಳದ ಕಥೆಯಂತೂ ಕೇಳಲೇಬೇಡಿ. ಆದಿತಾಳದ ಎಂಟು ಎಣಿಕೆಯನ್ನು 4, 2, 2 ಅಂತ ಭಾಗ ಮಾಡುವ ಗೆರೆ ಬೇಕು. ಇದು 4, 4 ಅಂತಲೇ ಹಾಕುತ್ತದೆ. ಅದನ್ನು ತಿದ್ದಿದರೆ ಸ್ವರದ ಕೆಳಗಿನ ಸಾಹಿತ್ಯ, ಅಂದರೆ ಹಾಡಿನ ಪದಗಳು, ಒಂದಕ್ಷರ ಪಕ್ಕಕ್ಕೆ ಸರಿಯುತ್ತದೆ.

ತುಮಕೂರಿನಲ್ಲಿ ನನ್ನ ಹತ್ತಿರ ಪಾಠಕ್ಕೆ ಬರುವ ಮಕ್ಕಳು ಮನೆಯಲ್ಲಿ ಈ ಹಾಳೆ ನೋಡಿಯೇ ಅಭ್ಯಾಸ ಮಾಡುವುದು, ಅಲ್ವಾ? ಚುಕ್ಕಿ ಕಾಣದಿದ್ದರೆ ಮೇಲಿನ ರಿಷಭವನ್ನು, ಅಂದರೆ ‘ರಿ’ಯನ್ನು, ಮಧ್ಯಸ್ಥಾಯಿಯಲ್ಲೇ ಹಾಡಿ ರೂಢಿಯಾಗುತ್ತದೆ. ಬಿಡಿಸುವುದು ಬಹಳ ಕಷ್ಟ. ಗುಡಿಸು ಇರುವ ಅಕ್ಷರದ ಮೇಲೂ ಚುಕ್ಕಿಗೆ ಜಾಗ ಬೇಕು ಅಂತ ಮಾಡುವವರಿಗೆ ಹೊಳೆಯಬಾರದಾ?