ನೀರಿನೊಳಗೆ ಹಾರುವ ಹದ್ದು

"ರೀ, ಅವತ್ತು ನಾನು ಹದ್ದು ತೋರಿಸಿದ್ನಲ್ಲ, ಅದೇನಾ ಇದು?"

ಬೆಟ್ಟದ ಮೇಲೆ ತೆಗೆದ ಫೋಟೋಗಳನ್ನು ಲ್ಯಾಪ್‌ಟಾಪ್‌ನಲ್ಲಿ ನೋಡುತ್ತಾ ನನ್ನ ಹೆಂಡತಿ ಕೇಳಿದಳು. ಬಲಗಡೆ ಮೇಲ್ತುದಿಯಲ್ಲಿ, ನೀಲಿ ಆಕಾಶದ ನಡುವೆ ಒಂದು ಬೂದು ಚುಕ್ಕಿ. "ಹ್ಞೂಂ, ಅದೇ. ತುಂಬಾ ಎತ್ತರದಲ್ಲಿತ್ತು" ಅಂದೆ ಗಂಭೀರವಾಗಿ. ಮುಂದಿನ ಫೋಟೋದಲ್ಲೂ ಹದ್ದು ಅಲ್ಲೇ ಇತ್ತು. ಅದರ ಮುಂದಿನದರಲ್ಲೂ. ಕೆಳಗಿನ ಕೆರೆ ಕಡೆ ಕ್ಯಾಮೆರಾ ಬಾಗಿಸಿ ತೆಗೆದ ಫೋಟೋದಲ್ಲಿ ಅದು ನೀರಿನೊಳಗೇ ಹಾರುತ್ತಿತ್ತು.

"ಪಾಪ, ಸಾಕಿದ ಹದ್ದಿರಬೇಕು" ಅಂದು ಎದ್ದು ಹೋದಳು.

ಮೊದಲು ಲ್ಯಾಪ್‌ಟಾಪ್ ಪರದೆಯನ್ನು ಉಗುರಲ್ಲಿ ಕೆರೆದೆ. ಆಮೇಲೆ ಲೆನ್ಸ್ ಒರೆಸಿದೆ. ಲೆನ್ಸ್ ಬದಲಾಯಿಸಿಯೂ ನೋಡಿದೆ. ಚುಕ್ಕಿ ಜಗ್ಗಲಿಲ್ಲ. ಅಂದರೆ ಧೂಳು ಕೂತಿರುವುದು ಒಳಗೆ, ಬೆಳಕನ್ನು ಚಿತ್ರವಾಗಿ ಹಿಡಿಯುವ ಸೆನ್ಸರ್ ಮೇಲೆ. ಸರಿಯಾಗಿ ಹೇಳಬೇಕೆಂದರೆ ಸೆನ್ಸರ್ ಮುಂದಿರುವ ತೆಳ್ಳನೆಯ ಗಾಜಿನ ಫಿಲ್ಟರ್ ಮೇಲೆ. ಫೋಟೋದಲ್ಲಿ ಕಾಣುವುದು ಅದರ ನೆರಳು.

ಎಲ್ಲ ಆ ಬುದ್ಧಿಮಾತಿನಿಂದ ಆಗಿದ್ದು. "ಪ್ರಕೃತಿ ಚಿತ್ರ ತೆಗೆಯುವಾಗ ಎಫ್/16 ಇಟ್ಟುಕೊಳ್ಳಿ, ಹತ್ತಿರದ್ದು ದೂರದ್ದು ಎಲ್ಲಾ ಸ್ಪಷ್ಟವಾಗಿ ಬರುತ್ತೆ" ಅಂತ ಯಾರೋ ಹೇಳಿದ್ದರು. ಬಂತು, ಧೂಳೂ ಸ್ಪಷ್ಟವಾಗಿ ಬಂತು. ಎಫ್ ಪಕ್ಕದ ಅಂಕಿ ದೊಡ್ಡದಾದಷ್ಟೂ ಬೆಳಕು ಬರುವ ಲೆನ್ಸಿನ ಕಿಂಡಿ ಚಿಕ್ಕದು. ಕಿಂಡಿ ಚಿಕ್ಕದಾದಷ್ಟೂ ನೆರಳಿನ ಅಂಚು ಚೂಪಾಗುತ್ತದೆ. ಎಫ್/2.8ರಲ್ಲಿ ಬೆಳಕು ಎಲ್ಲ ದಿಕ್ಕಿನಿಂದ ನುಗ್ಗುವುದರಿಂದ ಅದೇ ನೆರಳು ಕರಗಿಹೋಗುತ್ತದೆ. ಅಷ್ಟು ದಿನ ನಾನು ಎಫ್/2.8ರಲ್ಲಿ ಸುಖವಾಗಿದ್ದೆ.

ನನ್ನ ಕ್ಯಾಮೆರಾ ಆನ್ ಮಾಡಿದಾಗೆಲ್ಲ "ಸೆನ್ಸರ್ ಕ್ಲೀನಿಂಗ್" ಅಂತ ತೋರಿಸುತ್ತದೆ. ಒಳಗಿನ ಗಾಜನ್ನು ಗಡಗಡ ನಡುಗಿಸಿ ಧೂಳು ಉದುರಿಸುವ ಏರ್ಪಾಡು ಅದು. ಒಲಿಂಪಸ್‌ನವರು 2003ರಲ್ಲೇ ಇ-1 ಕ್ಯಾಮೆರಾದಲ್ಲಿ ತಂದಿದ್ದರು. ಸಡಿಲ ಧೂಳು ಉದುರುತ್ತದೆ, ನಿಜ. ನನ್ನ ಹದ್ದು ಗೂಡು ಕಟ್ಟಿ ಕೂತಿತ್ತು.

ವ್ಯೂಫೈಂಡರ್‌ನಲ್ಲಿ, ಅಂದರೆ ಕ್ಯಾಮೆರಾ ಹಿಂದೆ ಕಣ್ಣಿಟ್ಟು ನೋಡುವ ಗಾಜಿನಲ್ಲಿ, ಇಣುಕಿದೆ. ಅಲ್ಲೂ ಒಂದು ಚುಕ್ಕಿ! ಸಿಕ್ಕಿಬಿದ್ದೆ ಮಗನೆ ಅಂತ ಲೆನ್ಸ್ ಬಿಚ್ಚಿ, ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಒಳಗಿನ ಕನ್ನಡಿಯನ್ನು ಒರೆಸಿದೆ. ಒರೆಸಿದ ಮೇಲೆ ಗೊತ್ತಾಯಿತು, ವ್ಯೂಫೈಂಡರ್‌ನಲ್ಲಿ ಕಾಣುವ ಧೂಳು ಫೋಟೋದಲ್ಲಿ ಬರುವುದೇ ಇಲ್ಲವಂತೆ. ಫೋಟೋ ತೆಗೆಯುವಾಗ ಕನ್ನಡಿ ಮೇಲೆದ್ದು ಪಕ್ಕಕ್ಕೆ ಸರಿದಿರುತ್ತದೆ. ಕನ್ನಡಿಯೊಳಗಿನ ಗಂಟು ಅಂದರೆ ಇದೇ ಇರಬೇಕು. ಬೋನಸ್ಸಾಗಿ ಹತ್ತಿಯ ಎರಡು ಎಳೆ ಒಳಗೇ ಉಳಿದವು.

ಮೆನುವಿನಲ್ಲಿ ಹುಡುಕಿ ಕನ್ನಡಿ ಎತ್ತಿಸಿ, ಹಸಿರು ನೇರಳೆ ಹೊಳೆಯುವ ಸೆನ್ಸರ್ ಮೇಲೆ ಬಾಯಿಂದ ಒಮ್ಮೆ ಉಫ್ ಅಂತ ಊದಿದೆ. ಮಾಡಬಾರದ ಕೆಲಸ. ಮತ್ತೆ ಫೋಟೋ ತೆಗೆದು ಎಣಿಸಿದೆ. ಒಂದಿದ್ದ ಹದ್ದು ಏಳಾಗಿತ್ತು. ಆರು ಉಗುಳಿನ ಹನಿಗಳು, ದುಂಡುದುಂಡಗೆ.

ಆಮೇಲೆ ಬುದ್ಧಿ ಬಂದು ರಬ್ಬರ್ ಬ್ಲೋವರ್ ತಂದೆ. ಕ್ಯಾಮೆರಾವನ್ನು ಬೋರಲಾಗಿ ಹಿಡಿದು ಕೆಳಗಿನಿಂದ ಪುಸ್ ಪುಸ್ ಅನ್ನಿಸಬೇಕು, ಧೂಳು ಕೆಳಗೆ ಬೀಳಲಿ ಅಂತ. ಆದರೆ ಹದ್ದು ಎಲ್ಲಿದೆ? ಲೆನ್ಸ್ ಚಿತ್ರವನ್ನು ತಲೆಕೆಳಗು ಮಾಡಿ ಬೀಳಿಸುತ್ತದೆ. ಫೋಟೋದಲ್ಲಿ ಬಲಗಡೆ ಮೇಲಿದ್ದದ್ದು, ಕ್ಯಾಮೆರಾವನ್ನು ಎದುರಿಂದ ನೋಡಿದರೆ ಬಲಗಡೆ ಕೆಳಗಿರುತ್ತದೆ. ಅಂದರೆ ಸೆನ್ಸರ್‌ನ ಬುಡಕ್ಕೆ ಬಿದ್ದ ಧೂಳು ಸೀದಾ ಆಕಾಶಕ್ಕೇರುತ್ತದೆ! ಇದನ್ನು ಕಾಗದದ ಮೇಲೆ ಬರೆದುಕೊಂಡೆ. ಕ್ಯಾಮೆರಾ ಬೋರಲು ಮಾಡಿದ ಕೂಡಲೇ ಕಾಗದವನ್ನು ಹೇಗೆ ಹಿಡಿಯಬೇಕು ಅಂತ ತಿಳಿಯಲಿಲ್ಲ. ಎಲ್ಲಾ ಕಡೆಗೂ ಊದಿದೆ. ಹತ್ತಿ ಎಳೆಗಳು ಹೋದವು. ಅವುಗಳ ಜಾಗಕ್ಕೆ ಎಲ್ಲಿಂದಲೋ ಹೊಸ ಧೂಳು ಬಂತು. ಹೋದೆಯಾ ಪಿಶಾಚಿ ಅಂದ್ರೆ ಬಂದೆ ಗವಾಕ್ಷೀಲಿ.

ಕೊನೆಗೆ ಸ್ವಾಬ್. ಸೆನ್ಸರ್‌ನ ಎತ್ತರಕ್ಕೆ ಸರಿಯಾದ ಅಗಲದ ಪುಟ್ಟ ಕಡ್ಡಿ. ಫುಲ್ ಫ್ರೇಮ್‌ ಅನ್ನುವ ದೊಡ್ಡ ಸೆನ್ಸರಿಗಾದರೆ 24 ಮಿಲಿಮೀಟರ್, ನನ್ನ ಕ್ಯಾಮೆರಾದಂಥ ಚಿಕ್ಕ ಸೆನ್ಸರ್‌ಗೆ 16. ಎರಡು ಹನಿ ದ್ರಾವಣ ಹಾಕಿ, ಉಸಿರು ಬಿಗಿಹಿಡಿದು ಎಡದಿಂದ ಬಲಕ್ಕೆ ಒಂದೇ ಸಲ ಎಳೆದೆ. ಕಡ್ಡಿ ನಡುಮಧ್ಯೆ ಇದ್ದಾಗ ಬ್ಯಾಟರಿ ನೆನಪಾಯಿತು. ಚಾರ್ಜ್ ಮಾಡಿರಲಿಲ್ಲ. ಈಗ ಬ್ಯಾಟರಿ ಸತ್ತರೆ ಶಟರ್ ಸೀದಾ ಕಡ್ಡಿ ಮೇಲೇ ಮುಚ್ಚಿಕೊಳ್ಳುತ್ತದೆ. ಆ ಎರಡು ಸೆಕೆಂಡಿನಲ್ಲಿ ನಾನು ಹರಸಿಕೊಂಡಷ್ಟು ಹರಕೆಯನ್ನು ಪರೀಕ್ಷೆ ಹಾಲ್‌ನಲ್ಲೂ ಹೊತ್ತಿರಲಿಲ್ಲ.

ಬ್ಯಾಟರಿ ಮಾನ ಉಳಿಸಿತು. ಎಫ್/22ಕ್ಕೆ ಇಟ್ಟು ಆಕಾಶಕ್ಕೆ ಹಿಡಿದು ಒಂದು ಫೋಟೋ ತೆಗೆದೆ. ಒಂದೇ ಒಂದು ಚುಕ್ಕಿ ಇಲ್ಲ.

ಆ ಜೋಶ್‌ನಲ್ಲಿ ಹಳೆಯ ಬೆಟ್ಟದ ಫೋಟೋಗಳನ್ನೂ ತೆರೆದು, ಸಾಫ್ಟ್‌ವೇರ್‌ನಲ್ಲಿ ಚುಕ್ಕಿ ಅಳಿಸುತ್ತಾ ರಾತ್ರಿ ಹನ್ನೊಂದರ ತನಕ ಕೂತೆ. ಒಂದು ಫೋಟೋದಲ್ಲಿ ಮಾತ್ರ ಎಡಗಡೆ ಇನ್ನೊಂದು ಚುಕ್ಕಿ ಜಾಸ್ತಿ ಇತ್ತು. ಸ್ವಲ್ಪ ಉದ್ದಕ್ಕಿತ್ತು. ಅದನ್ನೂ ಬಿಡಲಿಲ್ಲ.

ಬೆಳಿಗ್ಗೆ ಹೆಂಡತಿ ಎಲ್ಲವನ್ನೂ ಒಂದು ಸಲ ನೋಡಿ, ಮತ್ತೆ ಹಿಂದಕ್ಕೆ ಹೋಗಿ ನೋಡಿದಳು.

"ಎಲ್ಲಾ ಚೆನ್ನಾಗಿದೆ ರೀ. ಆದ್ರೆ ನಾನು ತೋರಿಸಿದ ಹದ್ದು ಎಲ್ಲಿ? ಅದೇ, ಎಡಗಡೆ ರೆಕ್ಕೆ ಚಾಚ್ಕೊಂಡು ಹಾರ್ತಿತ್ತಲ್ಲ?"

ನಾನು ಮೆಲ್ಲಗೆ ಕಂಟ್ರೋಲ್ ಝೆಡ್ ಒತ್ತಿದೆ. ರಾತ್ರಿಯೇ ಸೇವ್ ಮಾಡಿ ಮುಚ್ಚಿದ್ದೆ.