ಉದ್ಯೋಗದ ದಾರಿಗೆ ಆನ್‌ಲೈನ್ ಸಲಹೆ: ನೆಚ್ಚಬಹುದೇ?

ಪರ: ಹುಡುಕಲು ಬಂದರೆ ಫೋನೇ ಪ್ಲೇಸ್‌ಮೆಂಟ್ ಸೆಲ್

ಮುಳಬಾಗಿಲು, ಶ್ರೀನಿವಾಸಪುರದ ಕಡೆ ಬಿಕಾಂ, ಬಿಎಸ್ಸಿ ಮುಗಿಸಿದವರಿಗೆ ಮನೆಯಲ್ಲಿ ಸಿಗುವ ಸಲಹೆ ಹೆಚ್ಚೆಂದರೆ ಮೂರು: ಬಿಎಡ್ ಮಾಡು, ಬ್ಯಾಂಕ್ ಪರೀಕ್ಷೆ ಕಟ್ಟು, ಇಲ್ಲಾಂದ್ರೆ ನರಸಾಪುರದಲ್ಲಿ ಯಾವುದಾದರೂ ಕಂಪನಿ ಸೇರ್ಕೊ. ಹೇಳುವವರದೇನೂ ತಪ್ಪಿಲ್ಲ, ಅವರು ಕಂಡಿದ್ದು ಅಷ್ಟೇ. ಅದರಾಚೆಗಿನ ದಾರಿಗಳು ಕಾಣುವುದು ಆನ್‌ಲೈನ್‌ನಲ್ಲೇ.

‘ಬಿಕಾಂ ಆದಮೇಲೆ ಏನು’ ಎಂದು ಹುಡುಕಿದರೆ ಬರುವುದು ಜಾಹೀರಾತು ಮಾತ್ರ. ಹುಡುಕುವ ಕ್ರಮವೇ ಬೇರೆ. ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಕಾಲೇಜಿನ ಪುಟ ತೆರೆದು ‘ಅಲಮ್ನೈ’ (ಹಳೆಯ ವಿದ್ಯಾರ್ಥಿಗಳು) ಒತ್ತಿ. ಕಾಲೇಜಿನ ಪುಟವಿಲ್ಲದಿದ್ದರೆ ವಿಶ್ವವಿದ್ಯಾಲಯದ ಪುಟ ನೋಡಿ. ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಶುರುವಾದದ್ದು 2017ರಲ್ಲಿ. ಅದಕ್ಕೂ ಹಿಂದಿನ ಕೋಲಾರದ ಹುಡುಗರು ಬೆಂಗಳೂರು ವಿಶ್ವವಿದ್ಯಾಲಯದ ಪುಟದಲ್ಲಿ ಸಿಗುತ್ತಾರೆ. ನಿಮ್ಮದೇ ಪದವಿ ಪಡೆದು ಮೂರು-ನಾಲ್ಕು ವರ್ಷವಾದವರನ್ನು ಆರಿಸಿ, ಅವರ ಮೊದಲ ಕೆಲಸದ ಹೆಸರು ಬರೆದಿಟ್ಟುಕೊಳ್ಳಿ: ಅಕೌಂಟ್ಸ್ ಪೇಯಬಲ್, ಫಂಡ್ ಅಕೌಂಟಿಂಗ್, ಕೆವೈಸಿ ಅನಲಿಸ್ಟ್. ಮುಂದೆ ಕೆಲಸ ಹುಡುಕಬೇಕಾದ್ದು ಈ ಹೆಸರುಗಳಿಂದ. ‘ಸರ್, ಒಂದು ಕೆಲಸ ಕೊಡಿಸಿ’ ಎಂದರೆ ಉತ್ತರ ಬರುವುದು ಅಪರೂಪ. ‘ಮೊದಲ ಇಂಟರ್‌ವ್ಯೂನಲ್ಲಿ ಎಕ್ಸೆಲ್ ಎಷ್ಟು ಕೇಳಿದರು?’ ಎಂದು ಕೇಳಿ ನೋಡಿ.

ರೆಸ್ಯೂಮೆ ತಿದ್ದಲು ದುಡ್ಡು ಕೊಡಬೇಕಿಲ್ಲ. ಎರಡು ಕಾಲಂನ ಚೆಂದದ ಟೆಂಪ್ಲೇಟುಗಳನ್ನು ಕಂಪನಿಯ ಸಾಫ್ಟ್‌ವೇರ್ ಹಲವು ಸಲ ಸಾಲು ಕಲಸಿ ಓದುತ್ತದೆ. ಪಿಡಿಎಫ್‌ನಲ್ಲಿರುವುದನ್ನೆಲ್ಲ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ. ಅಲ್ಲಿ ಅಕ್ಷರ ಕಲಸಿಹೋದರೆ ಕಂಪನಿಯಲ್ಲೂ ಕಲಸಿಹೋಗಬಹುದು. ಒಂದೇ ಕಾಲಂ, ಒಂದೇ ಪುಟ ಸಾಕು. ತಂದೆಯ ಹೆಸರು, ಜಾತಿ, ಫೋಟೊ ಬೇಡ.

ಸಂಬಳದ ಲೆಕ್ಕವೂ ಹಾಗೆಯೇ, ಕಲಿತರೆ ಯಾರೂ ಯಾಮಾರಿಸಲಾರರು. ವರ್ಷಕ್ಕೆ 3 ಲಕ್ಷ ಸಿಟಿಸಿ (ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ಎಂದರೆ ತಿಂಗಳಿಗೆ 25,000 ಕೈಗೆ ಬರುವುದಿಲ್ಲ. ಬೇಸಿಕ್ 12,500 ಇದ್ದರೆ ಕಂಪನಿಯ ಪಿಎಫ್ ಪಾಲು 1,500, ಗ್ರಾಚ್ಯುಟಿ ಸುಮಾರು 600, ನಿಮ್ಮ ಪಿಎಫ್ ಪಾಲು 1,500. ಉಳಿಯುವುದು 21,400ರ ಆಸುಪಾಸು. ವೇರಿಯಬಲ್ ಪೇ, ವಿಮೆ ಸೇರಿಸಿದ್ದರೆ ಇನ್ನೂ ಕಡಿಮೆ. ಈ ಲೆಕ್ಕವನ್ನು ತರಗತಿಯಲ್ಲಿ ಹೇಳಿಕೊಡುವವರು ಎಷ್ಟು ಜನ? ಎನ್‌ಪಿಟಿಇಎಲ್‌ನಲ್ಲಿ ಐಐಟಿ ಪಾಠಗಳು ಬಿಟ್ಟಿಯಾಗಿ ಸಿಗುತ್ತವೆ, ಪರೀಕ್ಷೆಗೆ ಮಾತ್ರ ಶುಲ್ಕ. ಅನುಭವ ಬೇಕೆಂದರೆ ಕೇಂದ್ರದ ನ್ಯಾಟ್ಸ್ ಪೋರ್ಟಲ್‌ನಲ್ಲಿ ಪದವೀಧರರಿಗೆ ಸ್ಟೈಪೆಂಡ್ ಇರುವ ಅಪ್ರೆಂಟಿಸ್‌ಶಿಪ್ ಇದೆ.

ವಿರೋಧ: ಹೇಳುವವರಿಗೆ ನಮ್ಮ ಕಡತ ಗೊತ್ತಿಲ್ಲ

ನ್ಯಾಟ್ಸ್ ಮಾತು ಬಂದದ್ದು ಒಳ್ಳೆಯದಾಯಿತು, ಅಲ್ಲಿಂದಲೇ ಶುರುಮಾಡಬಹುದು. ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂದು 1961ರ ಅಪ್ರೆಂಟಿಸ್ ಕಾಯ್ದೆ ಹೇಳುವುದಿಲ್ಲ. ಅಪ್ರೆಂಟಿಸ್ ವೇತನ ಪಡೆಯುವವರಿಗೆ ರಾಜ್ಯದ ನಿರುದ್ಯೋಗ ಭತ್ಯೆ ಯುವನಿಧಿಯ 3,000 ರೂಪಾಯಿಯೂ ಸಿಗುವುದಿಲ್ಲ. ದೆಹಲಿಯಲ್ಲಿ ಕೂತು ವಿಡಿಯೋ ಮಾಡುವವನಿಗೆ ಯುವನಿಧಿ ಗೊತ್ತಿರಬೇಕೆಂದೇನೂ ಇಲ್ಲ. ಗೊತ್ತಿಲ್ಲದ್ದನ್ನು ಅವನು ಹೇಳಲಾರ, ನೋಡುವವರು ಅಷ್ಟನ್ನೇ ಪೂರ್ತಿ ಸತ್ಯ ಎಂದುಕೊಳ್ಳುತ್ತಾರೆ.

ಸರ್ಕಾರಿ ಕೆಲಸದ ವಿಚಾರಕ್ಕೆ ಬಂದರೆ ಈ ನಷ್ಟ ದೊಡ್ಡದು. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ, ಕನ್ನಡದಲ್ಲಿ ಓದಿದವರಿಗೆ ಕನ್ನಡ ಮಾಧ್ಯಮದ ಮೀಸಲಾತಿ ರಾಜ್ಯದ ನೇಮಕಾತಿಯಲ್ಲಿದೆ. ಎರಡಕ್ಕೂ ಶಾಲೆಯ ಮುಖ್ಯೋಪಾಧ್ಯಾಯರ ಪ್ರಮಾಣಪತ್ರ ಬೇಕು, ಗ್ರಾಮೀಣಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿಯೂ ಬೇಕು. ಅಧಿಸೂಚನೆ ಬಂದಮೇಲೆ ಗೌರಿಬಿದನೂರಿನ ಹಳ್ಳಿಗೆ ಓಡಿದರೆ ಮೇಷ್ಟ್ರು ವರ್ಗವಾಗಿರುತ್ತಾರೆ, ಶಾಲೆಗೆ ರಜೆ ಇರುತ್ತದೆ, ಅರ್ಜಿಯ ಕೊನೆಯ ದಿನ ಕಳೆದುಹೋಗುತ್ತದೆ. ಪದವಿ ಮುಗಿದ ತಿಂಗಳೇ ಮಾಡಿಸಿಟ್ಟುಕೊಳ್ಳಿ ಎಂದು ಹೇಳುವವರು ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಸಿಗುತ್ತಾರೆ; ಎಷ್ಟೋ ಸಲ ಅವರೇ ವಾಸಿ.

‘ಬಾಂಡ್‌ಗೆ ಭಾರತದಲ್ಲಿ ಬೆಲೆಯಿಲ್ಲ, ಬಿಟ್ಟು ನಡೀರಿ’ ಎಂಬ ಸಲಹೆ ಇವತ್ತಿಗೂ ಹರಿದಾಡುತ್ತಿದೆ. ಬಾಂಡ್ ಎಂದರೆ ಇಷ್ಟು ವರ್ಷ ಕೆಲಸ ಬಿಡುವುದಿಲ್ಲ, ಬಿಟ್ಟರೆ ದುಡ್ಡು ಕಟ್ಟುತ್ತೇನೆ ಎಂದು ಬರೆದುಕೊಡುವ ಒಪ್ಪಂದ. 2025ರ ಮೇನಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮೂರು ವರ್ಷಕ್ಕೆ ಮೊದಲೇ ಬಿಟ್ಟರೆ 2 ಲಕ್ಷ ಕಟ್ಟಬೇಕೆಂಬ ಷರತ್ತನ್ನು ಎತ್ತಿಹಿಡಿದಿದೆ. ಎಲ್ಲ ಬಾಂಡೂ ನಿಲ್ಲುತ್ತದೆಂದಲ್ಲ, ಮೊತ್ತ ನ್ಯಾಯವಾಗಿದೆಯೇ ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಹಳೆಯ ವಿಡಿಯೋ ಮಾತ್ರ ತಿದ್ದುಪಡಿಯಾಗದೆ ಹಾಗೇ ಉಳಿಯುತ್ತದೆ.

ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳ ರೀಲ್ಸ್‌ನಲ್ಲಿ ದೊಡ್ಡ ಕಂಪನಿಯ ಬೋರ್ಡು ಕಾಣುತ್ತದೆ. ಆಫರ್ ಲೆಟರ್ ಯಾರ ಹೆಸರಿನಲ್ಲಿದೆ ಎಂದು ಅದರಲ್ಲಿ ಹೇಳುವುದಿಲ್ಲ. ಬೋರ್ಡು ಒಬ್ಬರದು, ಸಂಬಳ ಕೊಡುವ ಏಜೆನ್ಸಿ ಇನ್ನೊಬ್ಬರದು. 2020ರ ಡಿಸೆಂಬರ್‌ನಲ್ಲಿ ನರಸಾಪುರದ ಐಫೋನ್ ಕಾರ್ಖಾನೆಯಲ್ಲಿ ವೇತನಕ್ಕಾಗಿ ಗಲಾಟೆಯಾದಾಗ ಅಲ್ಲಿದ್ದವರಲ್ಲಿ ಹೆಚ್ಚಿನವರು ಗುತ್ತಿಗೆಯಡಿ ಸೇರಿದವರು. ಸೇರುವ ಮೊದಲು ಕೇಳಬೇಕಾದ್ದು: ಪಿಎಫ್ ಯಾರ ಕೋಡ್‌ನಲ್ಲಿ, ಓಟಿ ಯಾವ ದರದಲ್ಲಿ, ಬಸ್ಸು-ಊಟಕ್ಕೆ ಎಷ್ಟು ಮುರಿಯುತ್ತಾರೆ. ಉತ್ತರ ಗೊತ್ತಿರುವುದು ಈಗಾಗಲೇ ಶಿಫ್ಟ್ ಮಾಡುತ್ತಿರುವ ನಿಮ್ಮೂರಿನವರಿಗೆ.

‘ಎರಡು ವರ್ಷದ ಅನುಭವ ಹಾಕಿಕೊಡುತ್ತೇವೆ’ ಎನ್ನುವ ಕನ್ಸಲ್ಟೆನ್ಸಿಗಳೂ ಆನ್‌ಲೈನ್‌ನಲ್ಲೇ ಗಾಳ ಹಾಕುವುದು. ಪಿಎಫ್‌ನ ಯುಎಎನ್ ದಾಖಲೆಯಲ್ಲಿ ಯಾವ ಕಂಪನಿಯಲ್ಲಿ ಎಂದಿನಿಂದ ಎಂದಿನವರೆಗೆ ಇದ್ದಿರಿ ಎಂಬುದೆಲ್ಲ ಇರುತ್ತದೆ, ಪರಿಶೀಲನೆಯಲ್ಲಿ ಸುಳ್ಳು ಸಿಕ್ಕಿಬೀಳುತ್ತದೆ. ಇನ್ನು ‘ಪ್ಲೇಸ್‌ಮೆಂಟ್ ಗ್ಯಾರಂಟಿ’ ಕೋರ್ಸುಗಳ ‘ಬಡ್ಡಿಯಿಲ್ಲದ ಕಂತು’ ಎಂದರೆ ಬಹಳ ಸಲ ವಿದ್ಯಾರ್ಥಿಯ ಹೆಸರಿನಲ್ಲೇ ಸಾಲ. ಹಣ ಒಂದೇ ಸಲಕ್ಕೆ ಸಂಸ್ಥೆಗೆ ಹೋಗಿರುತ್ತದೆ. ಪಾಠ ನಿಂತರೂ ಕಂತು ನಿಲ್ಲುವುದಿಲ್ಲ, ತಪ್ಪಿದರೆ ಸಿಬಿಲ್ ಅಂಕ ಕುಸಿಯುತ್ತದೆ. ಆಧಾರ್ ಒಟಿಪಿ ಹೇಳುವ ಮೊದಲೇ ಒಪ್ಪಂದದಲ್ಲಿ ಸಾಲ ಕೊಡುವವರ ಹೆಸರು ಇದೆಯೇ ಎಂದು ನೋಡಿ. ನೋಂದಣಿ ಶುಲ್ಕವೆಂದು ದುಡ್ಡು ಕಟ್ಟಿ ಮೋಸಹೋಗಿದ್ದರೆ ಅದೇ ದಿನ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಖಾತೆಯಿಂದ ಖಾತೆಗೆ ದಾಟಿಹೋದ ಮೇಲೆ ತಡೆಹಿಡಿಯುವುದು ಕಷ್ಟ.