ಗರ್ಭಿಣಿಯ ರಟ್ಟೆಗೆ ಸೂಜಿ ಹಾಕುವ ಮುನ್ನ

"ಹೆರಿಗೆ ನೋವನ್ನೇ ತಡ್ಕೊಳ್ಳೋಳು, ಇದೊಂದು ಸೂಜಿಗೆ ಹೀಗೆ ಮಾಡ್ತೀಯಾ?" ಗರ್ಭಿಣಿ ಸ್ವಲ್ಪ ಕೈ ಹಿಂದೆಳೆದರೂ ಮನೆಯವರಿಂದ, ಎಷ್ಟೋ ಕಡೆ ಆಸ್ಪತ್ರೆಯವರಿಂದಲೂ ಬರುವ ಮಾತು ಇದು. ಈ ಮಾತು ನಿಲ್ಲಬೇಕು. ಧನುರ್ವಾಯು ಬಾರದಂತೆ ಗರ್ಭಿಣಿಗೆ ಹಾಕುವ ಟಿಡಿ ಲಸಿಕೆಯ ನೋವಿನಲ್ಲಿ ಒಂದು ಪಾಲು ಲಸಿಕೆಯದ್ದೇ, ಅದನ್ನು ಯಾರೂ ತಪ್ಪಿಸಲಾರರು. ಉಳಿದದ್ದು ಕೂತ ಭಂಗಿ, ಸೂಜಿ ಹೋದ ಜಾಗ ಮತ್ತು ಆಳ, ಒಣಗದ ಸ್ಪಿರಿಟ್, ಸರಿಯಾಗಿ ಕುಲುಕದ ವಯಲ್ (ಲಸಿಕೆಯ ಪುಟ್ಟ ಬಾಟಲಿ), ಇವುಗಳಿಂದ ಬರುವ ನೋವು. ಅದನ್ನು ಒಂದು ರೂಪಾಯಿ ಖರ್ಚಿಲ್ಲದೆ ತಪ್ಪಿಸಬಹುದು. ತಪ್ಪಿಸದೆ ಇದ್ದು ಹೆಣ್ಣಿಗೆ ಧೈರ್ಯ ಸಾಲದು ಅನ್ನುವುದು ಅನ್ಯಾಯ.

ನೋವು ಜನರನ್ನು ಲಸಿಕೆಯಿಂದ ಹೇಗೆ ದೂರ ಮಾಡುತ್ತದೆ ಎಂದು ನಮ್ಮ ಶಿವಮೊಗ್ಗ ಜಿಲ್ಲೆಗೆ ಯಾರೂ ಹೇಳಿಕೊಡಬೇಕಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಮಂಗನ ಕಾಯಿಲೆಗೆ ಕೊಡುತ್ತಿದ್ದ ಲಸಿಕೆ ವಿಪರೀತ ನೋಯುತ್ತಿತ್ತು. ಮೊದಲ ಡೋಸ್ ತೆಗೆದುಕೊಂಡವರಲ್ಲಿ ಎಷ್ಟೋ ಜನ ಎರಡನೆಯದಕ್ಕೆ, ಬೂಸ್ಟರಿಗೆ ಬರದೆ ಹೋಗಲು ಆ ನೋವೂ ಒಂದು ಕಾರಣ. 2022ರಲ್ಲಿ ಆ ಲಸಿಕೆಯೇ ನಿಂತಿತು. ಟಿಡಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ತೋಳು ಊದಿದ ನೆನಪು ಮನೆಮನೆಯಲ್ಲಿದೆ. ಗರ್ಭಿಣಿಗೆ ಟಿಡಿಯ ಎರಡು ಡೋಸ್ ಬೇಕು, ನಡುವೆ ಕನಿಷ್ಠ ನಾಲ್ಕು ವಾರ ಅಂತರ. ಮೊದಲನೆಯದು ವಿನಾಕಾರಣ ನೋಯಿಸಿದರೆ ಎರಡನೆಯದು ಮುಂದಕ್ಕೆ ಹೋಗುತ್ತದೆ. ತಾಯಿ ಮತ್ತು ನವಜಾತ ಶಿಶುವಿನ ಧನುರ್ವಾಯುವನ್ನು ಭಾರತ 2015ರಲ್ಲಿ ನಿವಾರಿಸಿಕೊಂಡಿದ್ದರಲ್ಲಿ ಈ ಸಣ್ಣ ಸೂಜಿಯ ಪಾತ್ರ ದೊಡ್ಡದು. ಈಗಲೂ ಎಲ್ಲರೂ ಟಿಟಿ ಎಂದೇ ಕರೆಯುತ್ತಾರೆ, ಆದರೆ 2019ರಿಂದ ಸರ್ಕಾರಿ ಲಸಿಕೆ ಕಾರ್ಯಕ್ರಮದಲ್ಲಿ ಟಿಟಿಯ ಜಾಗಕ್ಕೆ ಬಂದಿರುವುದು ಗಂಟಲಮಾರಿಯನ್ನೂ ತಡೆಯುವ ಟಿಡಿ.

ಮೊದಲು ತಾಯಿ ಕಾರ್ಡ್ ನೋಡಿ. ಹಿಂದಿನ ಬಸಿರಿನಲ್ಲಿ ಎರಡೂ ಡೋಸ್ ಆಗಿ, ಮೂರು ವರ್ಷದೊಳಗೆ ಮತ್ತೆ ಗರ್ಭಿಣಿಯಾದವರಿಗೆ ಒಂದೇ ಬೂಸ್ಟರ್ ಸಾಕು. ಹಳೇ ಕಾರ್ಡ್ ಮನೆಯಲ್ಲೇ ಬಿಟ್ಟು ಬಂದರೆ ಬೇಡದ ಡೋಸ್ ಬೀಳುತ್ತದೆ. ಬೇಡದ ಡೋಸ್ ಬರೀ ವ್ಯರ್ಥವಲ್ಲ. ರಕ್ತದಲ್ಲಿ ಆಗಲೇ ಧನುರ್ವಾಯುವಿನ ಪ್ರತಿಕಾಯ ಹೆಚ್ಚಿರುವವರಿಗೆ ಮತ್ತೆ ಮತ್ತೆ ಕೊಟ್ಟರೆ ಕೆಲವೇ ಗಂಟೆಗಳಲ್ಲಿ ಭುಜದಿಂದ ಮೊಣಕೈವರೆಗೂ ಊದಿಕೊಳ್ಳಬಹುದು. ತೋಟದಲ್ಲಿ ಕತ್ತಿ ತಾಗಿತೆಂದೋ ಮೊಳೆ ಚುಚ್ಚಿತೆಂದೋ ಇತ್ತೀಚೆಗೆ ಇಂಜೆಕ್ಷನ್ ಆಗಿದ್ದರೆ ಅದನ್ನೂ ಸಿಸ್ಟರಿಗೆ ಹೇಳಿ.

ಇನ್ನು ರವಿಕೆಯ ತೋಳಿನ ವಿಷಯ. ಇದನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ, ನನ್ನ ಪ್ರಕಾರ ಎಲ್ಲಕ್ಕಿಂತ ಹೆಚ್ಚು ಕೆಡುವುದು ಇಲ್ಲೇ. ಬಿಗಿ ತೋಳನ್ನು ಮೇಲಕ್ಕೆ ತಳ್ಳಿದರೆ ಅದು ರಟ್ಟೆಯ ನಡುವಿನಲ್ಲೇ ಸಿಕ್ಕಿಕೊಂಡು ಮಾಂಸವನ್ನು ಹಿಂಡುತ್ತದೆ. ಸೂಜಿ ಹಾಕಲು ಉಳಿಯುವುದು ಕೆಳಗಿನ ಜಾಗ. ಅಲ್ಲಿ ಸ್ನಾಯು ತೆಳು, ಹತ್ತಿರದಲ್ಲೇ ನರ ಹಾದುಹೋಗುತ್ತದೆ. ಮಳೆಗಾಲದಲ್ಲಿ ಒಳಗೆ ರವಿಕೆ, ಮೇಲೊಂದು ಸ್ವೆಟರ್, ಚಳಿಗೆ ನಡುಗುವ ಮೈ, ಬಿಗಿದ ಸ್ನಾಯು. ಬಿಗಿದ ಸ್ನಾಯುವಿಗೆ ಸೂಜಿ ಹೋದರೆ ನೋವು ಜಾಸ್ತಿ. ಆ ದಿನ ಸಡಿಲ ತೋಳಿನ ಬಟ್ಟೆ ಹಾಕಿಕೊಂಡು ಹೋಗಿ. ಇಲ್ಲದಿದ್ದರೆ ಭುಜವನ್ನು ಬಟ್ಟೆಯಿಂದ ಪೂರ್ತಿ ಹೊರತೆಗೆಯಬೇಕು, ಅದಕ್ಕೊಂದು ಮರೆ ಬೇಕು. ಅಂಗನವಾಡಿಯ ಒಂದೇ ಕೋಣೆಯಲ್ಲಿ ಲಸಿಕೆ ನಡೆಯುವ ಕಡೆ ಹಗ್ಗಕ್ಕೊಂದು ಸೀರೆ ಕಟ್ಟಿದರೂ ಸಾಕು. ಮರೆ ಇಲ್ಲದೆ ಹೆಣ್ಣು ಕೈ ಸಡಿಲ ಬಿಡುವುದಿಲ್ಲ.

ಜಾಗ ಗುರುತಿಸುವುದು ಹೀಗೆ. ಭುಜದ ತುದಿಯ ಮೂಳೆ ಮುಟ್ಟಿ ನೋಡಿ, ಅಲ್ಲಿಂದ ಎರಡು ಮೂರು ಬೆರಳಗಲ ಕೆಳಗೆ, ಕಂಕುಳಿನ ಮಟ್ಟಕ್ಕಿಂತ ಮೇಲೆ, ರಟ್ಟೆಯ ಹೊರಬದಿಯ ನಡುಮಧ್ಯ. ಮೂಳೆಗೆ ತೀರಾ ಹತ್ತಿರ ಹೋದರೆ ಮದ್ದು ಭುಜದ ಕೀಲಿನ ಸುತ್ತ ಸೇರಿ ತಿಂಗಳುಗಟ್ಟಲೆ ಕೈ ಎತ್ತಲಾಗದಂತೆ ಆಗಬಹುದು. ಗರ್ಭಿಣಿ ಕೂತು, ಸಿಸ್ಟರ್ ನಿಂತು ಹಾಕುವಾಗ ಸೂಜಿ ಮೇಲಕ್ಕೆ ಹೋಗುವ ಸಂಭವ ಹೆಚ್ಚು. ಇಬ್ಬರೂ ಕೂರಬೇಕು. ಮೊಣಕೈ ಮಡಚಿ ಕೈ ತೊಡೆಯ ಮೇಲೆ, ಭುಜ ಇಳಿಬಿಟ್ಟು.

ವಯಲನ್ನು ಪ್ರತಿ ಡೋಸ್ ಎಳೆಯುವ ಮುನ್ನವೂ ಚೆನ್ನಾಗಿ ಕುಲುಕಬೇಕು. ಟಿಡಿಯಲ್ಲಿ ಅಲ್ಯೂಮಿನಿಯಂ ಲವಣ ಇರುತ್ತದೆ, ಇಟ್ಟಲ್ಲೇ ಇಟ್ಟರೆ ತಳಕ್ಕೆ ಇಳಿಯುತ್ತದೆ. ಹತ್ತು ಡೋಸಿನ ವಯಲಿನಲ್ಲಿ ಮೊದಲು ಬಂದವರಿಗೆ ತಿಳಿ, ಕೊನೆಗೆ ಬಂದವರಿಗೆ ಗಸಿ ಎಂದಾದರೆ ಕೊನೆಯವರ ತೋಳಲ್ಲಿ ಗಂಟು ಕಟ್ಟುತ್ತದೆ. ಈ ಲಸಿಕೆ ಹೆಪ್ಪುಗಟ್ಟಲೂ ಬಾರದು. ಐಸ್ ಪ್ಯಾಕನ್ನು ಫ್ರೀಜರಿನಿಂದ ತೆಗೆದ ಕೂಡಲೇ ಲಸಿಕೆ ಒಯ್ಯುವ ಕ್ಯಾರಿಯರಿಗೆ ಹಾಕದೆ, ಅಲುಗಾಡಿಸಿದರೆ ಒಳಗೆ ನೀರಿನ ಸದ್ದು ಕೇಳುವವರೆಗೆ ಹೊರಗಿಡಬೇಕು. ಒಮ್ಮೆ ಹೆಪ್ಪುಗಟ್ಟಿದ ಟಿಡಿ ಕರಗಿದರೂ ಕೆಲಸಕ್ಕೆ ಬಾರದು. ಹಾಗೆಂದು ತಣ್ಣಗಿದೆಯಲ್ಲ ಎಂದು ಅಂಗೈಯಲ್ಲಿ ಉಜ್ಜಿ ಬಿಸಿ ಮಾಡುವುದೂ ಬೇಡ, ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ನೋವು ತಗ್ಗಿಸುವ ಸಲಹೆಗಳಲ್ಲೇ ಇದು ಬೇಡ ಎಂದಿದೆ.

ಅದೇ ಸಲಹೆಗಳಲ್ಲಿ ಇನ್ನೊಂದು ಮುಖ್ಯ ಮಾತಿದೆ: ಸೂಜಿ ಒಳಹೋದ ಮೇಲೆ ರಕ್ತ ಬರುತ್ತದೆಯೇ ನೋಡಲು ಪಿಸ್ಟನ್ ಹಿಂದಕ್ಕೆ ಎಳೆಯಬಾರದು. ರಟ್ಟೆಯ ಆ ಜಾಗದಲ್ಲಿ ದೊಡ್ಡ ರಕ್ತನಾಳ ಇಲ್ಲ. ಎಳೆಯುವಾಗ ಸೂಜಿ ಒಳಗೇ ಅಲ್ಲಾಡುತ್ತದೆ, ನೋವು ಹೆಚ್ಚುತ್ತದೆ. ಸ್ಪಿರಿಟ್ ಹಚ್ಚಿದರೆ ಅರ್ಧ ನಿಮಿಷ ಒಣಗಲು ಬಿಡಿ. ಒದ್ದೆ ಸ್ಪಿರಿಟ್ ಸೂಜಿಯ ಜೊತೆ ಒಳಗಿಳಿದು ಉರಿಯುತ್ತದೆ. 0.5 ಮಿಲಿ ಲೀಟರ್ ಮದ್ದು, 25 ಮಿಲಿಮೀಟರ್ ಸೂಜಿ, ಚರ್ಮಕ್ಕೆ ನೇರ 90 ಡಿಗ್ರಿ, ಒಂದೇ ಸಲಕ್ಕೆ ಪೂರ್ತಿ ಒಳಗೆ. ಪಾಪ ಬಸುರಿ ಎಂದು ಅರ್ಧ ಸೂಜಿ ಮಾತ್ರ ಇಳಿಸುವವರಿದ್ದಾರೆ. ಆ ಕರುಣೆ ತಿರುಗುಬಾಣ. ಮದ್ದು ಸ್ನಾಯುವಿಗೆ ತಲುಪದೆ ಚರ್ಮದಡಿಯ ಕೊಬ್ಬಿನಲ್ಲಿ ಉಳಿದರೆ ಕೆಂಪು, ಗಂಟು, ನೋವು ಎಲ್ಲವೂ ಹೆಚ್ಚು. ತೂಕ 90 ಕಿಲೋ ದಾಟಿದವರಿಗೆ ಇನ್ನೂ ಉದ್ದದ ಸೂಜಿ ಬೇಕಾಗುತ್ತದೆ.

ಮರಗಟ್ಟಿಸುವ ಮುಲಾಮು ಇದೆ. ಆದರೆ ಅದನ್ನು ಒಂದು ಗಂಟೆ ಮೊದಲೇ ಹಚ್ಚಿ ಮುಚ್ಚಿಡಬೇಕು, ತಗ್ಗುವುದು ಚುಚ್ಚುವ ಹೊತ್ತಿನ ನೋವು ಮಾತ್ರ, ಮರುದಿನದ್ದಲ್ಲ. ಉಪಕೇಂದ್ರದಲ್ಲಿ ಅದಕ್ಕೆ ಕಾಯುವುದರಲ್ಲಿ ಅರ್ಥವಿಲ್ಲ. ಉಸಿರು ಅದಕ್ಕಿಂತ ಸುಲಭ. ಸಣ್ಣದಾಗಿ ಒಮ್ಮೆ ಕೆಮ್ಮಿ, ಎರಡನೇ ಕೆಮ್ಮಿನ ಹೊತ್ತಿಗೇ ಸೂಜಿ ಹಾಕಿದರೆ ನೋವು ಕಡಿಮೆ ಎನಿಸುತ್ತದೆ. ಆದರೆ ದಿನ ತುಂಬಿದವರಿಗೆ ಕೆಮ್ಮಿದರೆ ಮೂತ್ರ ಜಾರುವ ಮುಜುಗರ ಇರುತ್ತದೆ. ಅವರಿಗೆ ಉಸಿರೆಳೆದು ಮೆಲ್ಲಗೆ ಊದುವುದೇ ವಾಸಿ. ಮಾತೂ ಮುಖ್ಯ. "ಏನೂ ನೋವಾಗಲ್ಲ" ಎಂಬ ಸುಳ್ಳೂ ಬೇಡ, "ನೋವಾಗ್ತದೆ, ತಡ್ಕೋ" ಎಂಬ ಬೆದರಿಕೆಯೂ ಬೇಡ. "ಕೈ ಸಡಿಲ ಬಿಡಮ್ಮ, ಈಗ ಹಾಕ್ತೀನಿ, ಊದು" ಅಂದರೆ ಸಾಕು.

ಯಾವ ತೋಳಿಗೆ? ಎಡಗೈಗೆ ಹಾಕುವುದು ರೂಢಿ, ಕೆಲಸಕ್ಕೆ ಬಲಗೈ ಬೇಕಲ್ಲ ಎಂದು. ಆದರೆ ಗರ್ಭಿಣಿಗೆ ಎಡಮಗ್ಗುಲಲ್ಲಿ ಮಲಗಲು ಹೇಳುವವರೂ ನಾವೇ. ಎಡತೋಳು ನೋಯುತ್ತಿದ್ದರೆ ರಾತ್ರಿಯಿಡೀ ನಿದ್ದೆ ಇಲ್ಲ. ಅವರನ್ನೇ ಕೇಳಿ ಹಾಕಿ.

ಖಾಲಿ ಹೊಟ್ಟೆ ಬೇಡ. ಹೊಸನಗರದ ಒಳಗಿನ ಊರುಗಳಿಂದಲೋ ಆಗುಂಬೆ ಕಡೆಯಿಂದಲೋ ಬೆಳಗಿನ ಮೊದಲ ಬಸ್ಸಿಗೆ ಬಂದವರು ರಕ್ತ ಪರೀಕ್ಷೆಗೆಂದು ಉಪವಾಸ ಇದ್ದರೆ ಮೊದಲು ರಕ್ತ ಕೊಟ್ಟು, ತಿಂಡಿ ತಿಂದು, ಆಮೇಲೆ ಲಸಿಕೆ. ತಲೆ ಸುತ್ತಿದರೆ ಅಂಗಾತ ಮಲಗಿಸಬೇಡಿ. ಬೆಳೆದ ಗರ್ಭದ ಭಾರ ಹೃದಯಕ್ಕೆ ರಕ್ತ ಮರಳುವ ದೊಡ್ಡ ನಾಳದ ಮೇಲೆ ಬಿದ್ದು ರಕ್ತದೊತ್ತಡ ಇನ್ನೂ ಇಳಿಯುತ್ತದೆ. ಎಡಮಗ್ಗುಲಿಗೆ ಮಲಗಿಸಿ. ಹೇಗೇ ಇರಲಿ, ಅರ್ಧ ಗಂಟೆ ಅಲ್ಲೇ ಕೂತು ಹೋಗಬೇಕು.

ಮನೆಗೆ ಹೋದ ಮೇಲೆ ತಿಕ್ಕಬಾರದು. ಹಂಡೆಯ ಸುಡುನೀರು ಹುಯ್ಯುವುದು, ಸುಣ್ಣ ಹಚ್ಚುವುದು ಬೇಡ. ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಇಡಿ, ಕೈಯನ್ನು ಮಾಮೂಲಿನಂತೆ ಆಡಿಸುತ್ತಿರಿ. ನೋವು ಸಾಮಾನ್ಯವಾಗಿ ಒಂದರಿಂದ ಮೂರು ದಿನ. ತಡೆಯಲಾಗದಿದ್ದರೆ ವೈದ್ಯರನ್ನೋ ಸಿಸ್ಟರನ್ನೋ ಕೇಳಿ ಪ್ಯಾರಾಸಿಟಮಾಲ್ 500 ಮಿಲಿಗ್ರಾಂ ತೆಗೆದುಕೊಳ್ಳಬಹುದು. ಲಸಿಕೆಗೆ ಮೊದಲೇ ನುಂಗುವುದು ಬೇಡ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆ ಗರ್ಭಿಣಿಗೆ ಸಲ್ಲದು, 20 ವಾರ ದಾಟಿದ ಮೇಲಂತೂ ಮಗುವಿನ ಮೂತ್ರಪಿಂಡಕ್ಕೆ ಅಪಾಯ. ಅಂಗಡಿಯ ನೋವಿನ ಮುಲಾಮಿನಲ್ಲೂ ಡೈಕ್ಲೊಫೆನಾಕ್ ಇರುತ್ತದೆ, ಡಬ್ಬಿ ಓದಿ.

ಊತ ಮೊಣಕೈ ದಾಟಿದರೆ, ಕೀವು ಕಂಡರೆ, ವಾರವಾದರೂ ಕೈ ಎತ್ತಲಾಗದಿದ್ದರೆ ಆಸ್ಪತ್ರೆಗೆ ಹೋಗಿ. ಸಣ್ಣ ಜ್ವರ ಒಂದು ದಿನ ಬಂದು ಹೋಗಬಹುದು. ಎರಡನೇ ದಿನವೂ ಇಳಿಯದ ಜ್ವರವನ್ನು "ಇಂಜೆಕ್ಷನ್ ಜ್ವರ" ಎಂದು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ನಮ್ಮ ಕಡೆ ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆ, ಮಳೆಗಾಲದಲ್ಲಿ ಇಲಿ ಜ್ವರ ಇರುವಾಗ ಗರ್ಭಿಣಿಯ ಜ್ವರಕ್ಕೆ ರಕ್ತ ಪರೀಕ್ಷೆ ಆಗಲೇಬೇಕು. ಹೋಗುವಾಗ ತಾಯಿ ಕಾರ್ಡ್ ಜೊತೆಗಿರಲಿ. ಲಸಿಕೆ ಹಾಕಿದ ದಿನಾಂಕದ ಪಕ್ಕ ಯಾವ ತೋಳು, ಎಷ್ಟು ಊದಿತ್ತು ಎಂದು ಆಶಾ ಕಾರ್ಯಕರ್ತೆ ಬರೆದಿಟ್ಟರೆ ಎರಡನೇ ಡೋಸ್ ಹಾಕುವವರಿಗೂ ಅದು ಉಪಯೋಗಕ್ಕೆ ಬರುತ್ತದೆ.